ಇಂಟರ್ನಲ್ ಅಂಕ ಮತ್ತು ವಿದ್ಯಾರ್ಥಿಯ ನಿಲುವು

ವಿದ್ಯಾರ್ಥಿಯ ರಾಜಕೀಯ ನಿಲುವನ್ನು ನೋಡಿ ಉಪನ್ಯಾಸಕರು ಅಂಕ ಕೊಡುತ್ತಾರೆಯೇ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರೆ ‘ಛೆ, ಹಾಗೆಲ್ಲ ಯಾರು ಮಾಡುತ್ತಾರೆ’ ಎನ್ನುತ್ತಾರೆ. ಹಾಸ್ಟೆಲಿನಲ್ಲಿ ಕೇಳಿದರೆ ‘ಮಾಡದವರು ಯಾರು’ ಎನ್ನುತ್ತಾರೆ. ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಮಾಡುವ ನನಗೆ ಎರಡೂ ಪೂರ್ತಿ ನಿಜವೆನಿಸುವುದಿಲ್ಲ. ಪಕ್ಷಪಾತದ ಮನಸ್ಸು ಎಷ್ಟು ಜನರಲ್ಲಿದೆ ಎಂದು ಅಳೆಯುವುದು ಕಷ್ಟ. ಆದರೆ ಅಂಥ ಮನಸ್ಸಿಗೆ ಕೈಚಳಕ ತೋರಿಸಲು ನಮ್ಮ ವ್ಯವಸ್ಥೆ ಎಲ್ಲೆಲ್ಲಿ ಜಾಗ ಬಿಟ್ಟಿದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ಸೆಮಿಸ್ಟರ್ ಅಂತ್ಯದ ಪರೀಕ್ಷೆಯಲ್ಲಿ ಆ ಜಾಗ ಕಡಿಮೆ. ಉತ್ತರ ಪತ್ರಿಕೆ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಹೆಸರಿಲ್ಲದ ಕಟ್ಟಿನಲ್ಲಿ ಯಾವುದೋ ಊರಿನ ಅಧ್ಯಾಪಕರ ಕೈಗೆ ಬರುತ್ತದೆ. ಅಂಕ ಕಡಿಮೆ ಬಂದರೆ ಮರುಮೌಲ್ಯಮಾಪನವಿದೆ. ಮೌಲ್ಯಮಾಪನಗೊಂಡ ತನ್ನದೇ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಇಂಟರ್ನಲ್ ಅಂಕಗಳ ಮಾತೇ ಬೇರೆ. ಪಾಠ ಮಾಡಿದವರೇ ಪ್ರಶ್ನೆ ಪತ್ರಿಕೆ ಮಾಡುತ್ತಾರೆ, ಅವರೇ ತಿದ್ದುತ್ತಾರೆ, ಅಸೈನ್‌ಮೆಂಟಿಗೂ ಸೆಮಿನಾರಿಗೂ ಹಾಜರಾತಿಗೂ ಅವರೇ ಅಂಕ ಹಾಕುತ್ತಾರೆ. ಎದುರಿಗಿರುವ ಹುಡುಗ ಯಾರು, ನಿನ್ನೆ ತರಗತಿಯಲ್ಲಿ ಏನು ವಾದಿಸಿದ, ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಯಾವ ನಾಯಕರ ಚಿತ್ರವಿತ್ತು ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021–22ರಿಂದ ರಾಜ್ಯದ ಪದವಿ ಕೋರ್ಸುಗಳಲ್ಲಿ ನೂರಕ್ಕೆ 40 ಅಂಕ ಇಂಟರ್ನಲ್ಲಿಗೆ ಹೋಗಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಅದು 50. ನಿರಂತರ ಮೌಲ್ಯಮಾಪನ ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಆದರೆ ಅರ್ಧದಷ್ಟು ಅಂಕವನ್ನು ಒಬ್ಬರ ಪೆನ್ನಿಗೆ ಒಪ್ಪಿಸುವಾಗ ಆ ಪೆನ್ನಿನ ಲೆಕ್ಕ ಕೇಳುವ ಏರ್ಪಾಟನ್ನೂ ಜೊತೆಗೇ ಮಾಡಬೇಕಿತ್ತು.

ನನ್ನ ವಿಷಯದಲ್ಲಿ ಈ ತೊಡಕು ಬೇಗ ಮುಖ ತೋರಿಸುತ್ತದೆ. ‘ಏಕರೂಪ ನಾಗರಿಕ ಸಂಹಿತೆಯ ಕುರಿತು ಚರ್ಚಿಸಿ’ ಎಂಬ ಹತ್ತು ಅಂಕದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಈ ವಿಷಯದಲ್ಲಿ ನನಗೊಂದು ಖಚಿತ ನಿಲುವಿದೆ, ಇಲ್ಲದ ಅಧ್ಯಾಪಕರನ್ನು ನಾನು ನೋಡಿಲ್ಲ. ಉತ್ತರದಲ್ಲಿ ನಾನು ಹುಡುಕುವುದು ಇಷ್ಟು: ಈ ಸಂಹಿತೆಯ ಮಾತಿರುವ ಸಂವಿಧಾನದ 44ನೇ ವಿಧಿ ರಾಜ್ಯ ನಿರ್ದೇಶಕ ತತ್ವಗಳ ಭಾಗದಲ್ಲಿದೆ ಎಂಬುದು, ಅವನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದೆಂದು 37ನೇ ವಿಧಿ ಹೇಳುತ್ತದೆ ಎಂಬುದು, 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯದೊಂದಿಗೆ ಅದರ ತಿಕ್ಕಾಟ, 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಸಂಹಿತೆಯ ಪರವಾಗಿದ್ದ ಕೆ.ಎಂ. ಮುನ್ಷಿ, ಅಂಬೇಡ್ಕರ್ ಮತ್ತು ವಿರೋಧಿಸಿದ ಮುಸ್ಲಿಂ ಸದಸ್ಯರ ನಡುವೆ ನಡೆದ ವಾದ, ವಿಚ್ಛೇದಿತ ಮುಸ್ಲಿಂ ಮಹಿಳೆಯ ಜೀವನಾಂಶದ ಕುರಿತ 1985ರ ಶಾ ಬಾನೊ ತೀರ್ಪು, ಇಂಥ ಸಂಹಿತೆ ಸದ್ಯಕ್ಕೆ ಅಗತ್ಯವಿಲ್ಲವೆಂದ 2018ರ ಕಾನೂನು ಆಯೋಗದ ಸಮಾಲೋಚನಾ ಪತ್ರ, 2024ರ ಉತ್ತರಾಖಂಡದ ಕಾಯ್ದೆ. ಇವನ್ನಿಟ್ಟುಕೊಂಡು ಸಂಹಿತೆ ಬೇಕೆಂದು ವಾದಿಸಿದವನಿಗೂ ಬೇಡವೆಂದು ವಾದಿಸಿದವಳಿಗೂ ಎಂಟು ಅಂಕ ಕೊಡಬಹುದು. ‘ಒಂದು ದೇಶ, ಒಂದು ಕಾನೂನು’ ಎಂದಷ್ಟೇ ಎರಡು ಪುಟ ತುಂಬಿಸಿದವನಿಗೂ ‘ಇದೆಲ್ಲ ಅಲ್ಪಸಂಖ್ಯಾತರ ಮೇಲಿನ ಸಂಚು’ ಎಂದಷ್ಟೇ ತುಂಬಿಸಿದವನಿಗೂ ಮೂರಕ್ಕಿಂತ ಹೆಚ್ಚು ಕೊಡಲಾಗದು. ಕಷ್ಟವಿರುವುದು ನಡುವಿನ ಪತ್ರಿಕೆಗಳಲ್ಲಿ. ಒಂದು ತೀರ್ಪಿನ ಹೆಸರು ತಪ್ಪಿದೆ, ಒಂದು ವಿಧಿ ಬಿಟ್ಟುಹೋಗಿದೆ, ಐದು ಕೊಡುವುದೋ ಆರೋ ಎಂಬ ಸಂದರ್ಭದಲ್ಲಿ ನಮ್ಮ ಕಡೆಯ ವಾದ ‘ಹುಡುಗನಿಗೆ ವಿಷಯ ಗೊತ್ತಿದೆ, ಅವಸರದಲ್ಲಿ ಬರೆದಿದ್ದಾನೆ’ ಎನಿಸಿದರೆ, ಎದುರು ಕಡೆಯ ವಾದ ‘ಓದಿಲ್ಲ’ ಎನಿಸಿಬಿಡುತ್ತದೆ. ಬೇಕೆಂದೇ ಅಂಕ ಕತ್ತರಿಸುವವರು ಕಡಿಮೆ; ಈ ಒಂದೊಂದು ಅಂಕದ ಔದಾರ್ಯ ಮಾತ್ರ ಹಂಚಿಕೆಯಲ್ಲಿ ಸಮನಾಗಿರುವುದಿಲ್ಲ. ಅದಕ್ಕೇ ನಾನು ಇಂಟರ್ನಲ್ ಉತ್ತರ ಪುಸ್ತಿಕೆಯಾದ ಬ್ಲೂ ಬುಕ್ಕಿನ, ಹೆಸರಿರುವ ಮೊದಲ ಪುಟ ಮಡಚಿಟ್ಟು ತಿದ್ದುತ್ತೇನೆ. ಅಕ್ಷರದಿಂದಲೇ ಗುರುತು ಸಿಗುವ ನಾಲ್ಕೈದು ಮಂದಿ ಇದ್ದೇ ಇರುತ್ತಾರೆನ್ನಿ.

ಹೆಸರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಅನೇಕ ಸಲ ವಿದ್ಯಾರ್ಥಿ ಬಾಯಿ ಬಿಡುವ ಮೊದಲೇ ಅವನ ಅಭಿಪ್ರಾಯ ಇಂಥದ್ದೇ ಎಂದು ತೀರ್ಮಾನವಾಗಿರುತ್ತದೆ. ಹೆಸರು, ಜಾತಿ, ಹಾಸ್ಟೆಲು, ತೊಟ್ಟ ಬಟ್ಟೆ ಇವೇ ಆ ತೀರ್ಮಾನಕ್ಕೆ ಸಾಕಾಗುತ್ತವೆ. ಅಂಥ ಕಡೆ ನಿಲುವಿನ ವಿರುದ್ಧದ ಅಸಹನೆ ಯಾವುದು, ಹುಟ್ಟಿನ ವಿರುದ್ಧದ ಅಸಹನೆ ಯಾವುದು ಎಂದು ಬಿಡಿಸಿ ನೋಡುವುದು ಸುಲಭವಲ್ಲ.

ಮೌಖಿಕ ಪರೀಕ್ಷೆಯಲ್ಲಿ ಇದು ಇನ್ನೂ ಸಲೀಸು, ಏಕೆಂದರೆ ಅಲ್ಲಿ ಕಾಗದವೇ ಉಳಿಯುವುದಿಲ್ಲ. ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ ಇಟ್ಟಿದ್ದರು. ಎರಡು ಮೂರು ನಿಮಿಷದಲ್ಲಿ ಮುಗಿದ ಸಂದರ್ಶನದಲ್ಲಿ ತಂದೆ ತಾಯಿ ಯಾರು, ಮನೆ ಎಲ್ಲಿ ಎಂದು ಕೇಳಿದರೆಂದು ಅರ್ಜಿದಾರರು ದೂರಿದರು. ಅಜಯ್ ಹಾಸಿಯಾ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯ 1980ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಂಥ ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ಸ್ವೇಚ್ಛೆಯಾಗುತ್ತದೆ ಎಂದಿತಲ್ಲದೆ, ಸಂದರ್ಶನವನ್ನು ಟೇಪ್ ರೆಕಾರ್ಡ್ ಮಾಡಿಕೊಳ್ಳುವುದು ಒಳ್ಳೆಯದೆಂದೂ ಸಲಹೆ ಕೊಟ್ಟಿತು. ಅದು ಪ್ರವೇಶದ ಪ್ರಶ್ನೆಯಾಗಿದ್ದರೂ ಸಲಹೆ ನಮ್ಮ ಪ್ರಾಜೆಕ್ಟ್ ವೈವಾಗಳಿಗೂ ಹೊಂದುತ್ತದೆ. ಈಗ ಎಲ್ಲರ ಜೇಬಿನಲ್ಲೂ ರೆಕಾರ್ಡರ್ ಇದೆ, ಆದರೆ ಅದನ್ನು ಹೊರತೆಗೆಯುವುದು ಹೆಚ್ಚಾಗಿ ಪಾಠ ಮಾಡುವವರ ಒಂದು ವಾಕ್ಯವನ್ನು ಕತ್ತರಿಸಿ ಹರಿಬಿಡುವುದಕ್ಕೆ. ಅದರ ಹೆದರಿಕೆಯಿಂದ ವಿವಾದದ ಪಾಠಗಳನ್ನೇ ನೋಟ್ಸ್ ಬರೆಸಿ ಮುಗಿಸುವ ಅತಿಥಿ ಉಪನ್ಯಾಸಕರು ನನಗೆ ಗೊತ್ತು.

ಅಂಕ ಕಳೆದುಕೊಂಡವರಿಗಿಂತ ನನ್ನನ್ನು ಹೆಚ್ಚು ಕಾಡುವವರು ಅಂಕ ಕಳೆದುಕೊಳ್ಳದಂತೆ ಹುಷಾರಾದವರು. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಯಾವ ಮೇಷ್ಟ್ರಿಗೆ ಏನು ಇಷ್ಟ ಎಂಬುದು ಸೀನಿಯರುಗಳಿಂದ ಜೂನಿಯರುಗಳಿಗೆ ತಲುಪಿರುತ್ತದೆ. ‘ಸರ್, ನಿಮ್ಮ ಪೇಪರಿಗೆ ಬೇರೆ ಥರ ಬರೀಬೇಕು ಅಂತ ಹೇಳಿದ್ರು’ ಎಂದು ಹುಡುಗಿಯೊಬ್ಬಳು ನನ್ನೆದುರೇ ಹೇಳಿದಳು. ಯಾರು ಹೇಳಿದರೆಂದು ನಾನು ಕೇಳಲಿಲ್ಲ, ಕೇಳಿದ್ದರೂ ಹೇಳುತ್ತಿರಲಿಲ್ಲ. ಅವಳಿಗೆ ಒಳ್ಳೆಯ ಅಂಕವೇ ಬಂದಿತ್ತು. ಯಾವ ಅಂಕಪಟ್ಟಿಯಲ್ಲೂ ಈ ನಷ್ಟ ಕಾಣಿಸದು.

ಪಿಎಚ್.ಡಿ. ಮಾಡುವವರ ಪಾಡು ಇದಕ್ಕಿಂತ ಬಿಗಿ: ಪ್ರಗತಿ ವರದಿಗೂ ಫೆಲೋಶಿಪ್ ಬಿಲ್ಲಿಗೂ ಪ್ರಬಂಧ ಸಲ್ಲಿಕೆಗೂ ಒಬ್ಬರೇ ಗೈಡಿನ ಸಹಿ ಬೇಕು.

ದೂರಿಗೆ ದಾರಿ ಇಲ್ಲವೆಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಗಳ ಪ್ರಕಾರ ಸಂಸ್ಥೆಗಳಲ್ಲಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಮೌಲ್ಯಮಾಪನದಲ್ಲಿನ ಅನ್ಯಾಯವೂ ಅದರ ವ್ಯಾಪ್ತಿಗೆ ಬರುತ್ತದೆ, ಅಲ್ಲಿ ಸಮಾಧಾನವಾಗದಿದ್ದರೆ ಮೇಲ್ಮನವಿ ಆಲಿಸುವ ಒಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ಆದರೆ ಸಮಿತಿಯಲ್ಲಿ ಕೂರುವವರೂ ಹೆಚ್ಚಾಗಿ ಅಧ್ಯಾಪಕರೇ. ದೂರು ಕೊಟ್ಟ ಹುಡುಗ ಮುಂದಿನ ಸೆಮಿಸ್ಟರಿನಲ್ಲಿ ಅದೇ ಅಧ್ಯಾಪಕರ ಪೇಪರಿಗೆ ಕೂರಬೇಕು. ಆದ್ದರಿಂದ ದೂರಿಗಿಂತ ಮೊದಲಿನ ಹಂತದಲ್ಲೇ ಕೆಲಸವಾಗಬೇಕೆಂದು ನಾನು ನಮ್ಮ ವಿಭಾಗದ ಸಭೆಯಲ್ಲಿ ಹೇಳುತ್ತ ಬಂದಿದ್ದೇನೆ: ಇಂಟರ್ನಲ್ ಪರೀಕ್ಷೆಗೂ ಮೊದಲೇ ಅಂಕ ಹಂಚಿಕೆ ಬರೆದಿಡುವುದು, ತಿದ್ದಿದ ಬ್ಲೂ ಬುಕ್ ವಿದ್ಯಾರ್ಥಿಯ ಕೈಗೆ ಕೊಡುವುದು, ಕೆಲವನ್ನಾದರೂ ಇನ್ನೊಬ್ಬ ಸಹೋದ್ಯೋಗಿಯಿಂದ ತಿದ್ದಿಸುವುದು. ಮೊದಲೆರಡಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಮೂರನೆಯದಕ್ಕೆ ‘ನಮ್ಮ ಮೇಲೆ ನಂಬಿಕೆ ಇಲ್ಲವೇ’ ಎಂಬ ಪ್ರಶ್ನೆ ಬರುತ್ತದೆ, ಮುಂದಿನ ಸಭೆಗೆ ನೋಡೋಣ ಎಂದು ಕಡತ ಮುಚ್ಚುತ್ತದೆ.