ನಾಲ್ಕು ತಾಸಿನ ಲೆಕ್ಕ

ನಮ್ಮ ದೊಡ್ಡಪ್ಪಂಗೆ ಹಾರ್ಟ್ ಪಂಪಿಂಗ್ ಕಮ್ಮಿ ಆಗೈತಿ ಅಂತ ಡಾಕ್ಟ್ರು ಹೇಳಿದ ದಿನ, ದಾವಣಗೆರೆ ವಿದ್ಯಾನಗರದ ಮನೇಲಿ ಯಾರೂ ಊಟ ಮಾಡ್ಲಿಲ್ಲ. ಟ್ರಾನ್ಸ್‌ಪ್ಲಾಂಟ್, ಅಂದ್ರೆ ಹೃದಯ ಕಸಿ ಅನ್ನೋ ಮಾತು ಬಂದಾಗಿಂದ ನಾನು ರಾತ್ರಿಯೆಲ್ಲಾ ಇದನ್ನೇ ಓದ್ತಾ ಇದೀನಿ.

1967ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಾ. ಬರ್ನಾರ್ಡ್ ಒಬ್ಬರ ಹೃದಯ ಇನ್ನೊಬ್ಬರಿಗೆ ಹಾಕೋ ಮೊದಲ್ನೇ ಕಸಿ ಮಾಡಿದ್ರು, ಪೇಷೆಂಟ್ ಬದುಕಿದ್ದು 18 ದಿನ. ನಮ್ಮ ದೇಶದಲ್ಲಿ 1994ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಮೊದಲ ಯಶಸ್ವಿ ಕಸಿ ಮಾಡಿದ್ರು.

ನನ್ನ ಮನಸ್ಸಲ್ಲಿ ಕೂತಿದ್ದು ಮಾತ್ರ ಟೈಮಿನ ಲೆಕ್ಕ. ಹೃದಯ ತೆಗೆದು ಐಸ್ ಬಾಕ್ಸಲ್ಲಿಟ್ರೆ ಸುಮಾರು ನಾಲ್ಕು ತಾಸಿನೊಳಗೆ ಇನ್ನೊಬ್ಬರ ಎದೇಲಿ ಬಡೀಬೇಕು, ರಕ್ತ ಇಲ್ದೆ ಸ್ನಾಯು ಹಾಳಾಗ್ತಾ ಹೋಗುತ್ತೆ, ಆದ್ರೆ ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ರೋಡಲ್ಲಿ ಹೋದ್ರೆ ಅಷ್ಟೂ ಟೈಮು ಹೈವೇನಲ್ಲೇ ಮುಗಿದು ಹೋಗುತ್ತೆ, ಹೊಲಿಯೋಕೆ ಎಲ್ಲಿ ಉಳೀತು?

ಅದಕ್ಕೇ ಹೊಸ ಮಷಿನ್ ಬಗ್ಗೆ ಓದಿ ಕಣ್ಣು ತುಂಬ್ತು. ಬೆಚ್ಚಗಿನ ರಕ್ತ ಹರಿಸಿ ಹೃದಯ ಬಾಕ್ಸೊಳಗೇ ಬಡೀತಾ ಇರೋ ಹಂಗೆ ಇಡ್ತಾರೆ! 2014ರಲ್ಲಿ ಸಿಡ್ನಿಯವರು ಹಿಂಗೇ, ಬಡಿತ ನಿಂತು ತೀರಿಕೊಂಡವರ ಹೃದಯವನ್ನ ಮತ್ತೆ ಬಡಿಸಿ ಕಸಿ ಮಾಡಿದ್ರು. ಮುಂಚೆ ಹೆಚ್ಚಾಗಿ ಬ್ರೈನ್ ಡೆತ್ ಆದವರದ್ದೇ, ಅಂದ್ರೆ ಮೆದುಳು ಪೂರ್ತಿ ನಿಂತ್ರೂ ಹೃದಯ ಬಡೀತಾ ಇರೋರದ್ದೇ ತಗೋತಿದ್ರು. 2023ರಲ್ಲಿ ಅಮೆರಿಕದ ಟ್ರಯಲ್‌ನಲ್ಲಿ ಆರು ತಿಂಗಳಿಗೆ ಬದುಕುಳಿದವರು ಬಡಿತ ನಿಂತವರ ಹೃದಯ ಹಾಕಿಸಿಕೊಂಡವರಲ್ಲಿ 94%, ಬ್ರೈನ್ ಡೆತ್ ಆದವರದ್ದು ಹಾಕಿಸಿಕೊಂಡವರಲ್ಲಿ 90%. ಹಂದಿ ಹೃದಯಾನೂ 2022ರಲ್ಲಿ ಮೇರಿಲ್ಯಾಂಡ್‌ನಲ್ಲಿ ಹಾಕಿದ್ರು, ಆ ಮನುಷ್ಯ ಎರಡು ತಿಂಗಳು ಬದುಕಿದ್ದರು.

ದೊಡ್ಡಪ್ಪ ಇವತ್ತು ಬೆಳಗ್ಗೆ ಬೆಣ್ಣೆ ದೋಸೆ ಕೇಳಿದ್ರು, ದೊಡ್ಡಮ್ಮ ಬೆಣ್ಣೆ ಇಲ್ದೆ ಹುಯ್ದು ಕೊಟ್ರು. ನಾನು ನಮ್ಮ ರಾಜ್ಯದ ಅಂಗದಾನ ನೋಡಿಕೊಳ್ಳೋ ಸಂಸ್ಥೆ ಜೀವಸಾರ್ಥಕತೆಯಲ್ಲಿ ಅಂಗದಾನಕ್ಕೆ ಹೆಸರು ಬರೆಸ್ತಿದೀನಿ, ಮನೇಲೂ ಹೇಳಿದೀನಿ.