ಸವಳು ನೀರಿನ ಊರಲ್ಲಿ ಬೈಕಿನ ಟ್ಯಾಂಕ್ ತೊಳೆಯೋದು

ಬಳ್ಳಾರಿಯ ಗಣಿ ಸೀಮೆಯ ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವ ಬೈಕು ನಾಲ್ಕೈದು ಕಿಲೋಮೀಟರ್ ಚೆನ್ನಾಗಿ ಓಡಿ, ಜಗ್ಗಿ ಜಗ್ಗಿ ಬಂದ್ ಬಿದ್ದು, ಐದು ನಿಮಿಷ ಬಿಟ್ಟು ಮತ್ತೆ ಚಾಲೂ ಆಗುತ್ತದೆಯೇ? ಟ್ಯಾಂಕ್ ಬಿಚ್ಚುವ ಮುಂಚೆ ಮುಚ್ಚಳ ನೋಡಿ. ಅದರಲ್ಲಿ ಗಾಳಿ ಒಳಗೆ ಹೋಗೋಕೆ ಸಣ್ಣ ತೂತಿರುತ್ತದೆ. ಅದಿರಿನ ಕೆಂಪು ಧೂಳು ಅಲ್ಲಿ ಕೂತರೆ ಪೆಟ್ರೋಲ್ ಕೆಳಗಿಳಿಯೋದಿಲ್ಲ. ಬಂದ್ ಬಿದ್ದಾಗ ಮುಚ್ಚಳ ತೆಗೆದರೆ 'ಸುಸ್' ಎಂದು ಗಾಳಿ ಎಳೆದುಕೊಂಡಿತೋ, ಪಂಚರ್ ಅಂಗಡಿಯಲ್ಲಿ ಮುಚ್ಚಳಕ್ಕೆ ಗಾಳಿ ಊದಿಸಿದರೆ ಸಾಕು.

ಹಾಗಾಗಲಿಲ್ಲವೆಂದರೆ ಪೈಪ್ ಕಿತ್ತು ಒಂದು ಲೋಟದಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಬಿಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಒಂದು ಮಟ್ಟದವರೆಗೆ ಕರಗಿಸಿಕೊಳ್ಳುತ್ತದೆ, ಮೀರಿದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ತಳದಲ್ಲಿ ಕೂತ ಕೆಂಪು ಗಸಿಯನ್ನು ಬೆರಳಲ್ಲಿ ತಿಕ್ಕಿದಾಗ ಕುಂಕುಮದಂತೆ ನುಣ್ಣಗಿದ್ದರೆ ಧೂಳು, ಚಕ್ಕೆ ಚಕ್ಕೆಯಾಗಿ ಚುಚ್ಚಿದರೆ ತುಕ್ಕು. ನೀರು, ಧೂಳಿಗೆ ಪೆಟ್ರೋಲಲ್ಲೇ ಎರಡು ಸಲ ಕುಲುಕಿ ಚೆಲ್ಲಿದರೆ ಆಯಿತು. ಹುಳಿ, ಅಂದರೆ ನಿಂಬೆ ಉಪ್ಪಿನ ನೀರು, ಬೇಕಾಗೋದು ತುಕ್ಕಿಗೆ ಮಾತ್ರ.

ಟ್ಯಾಂಕ್ ಇಳಿಸಿ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಮತ್ತು ಪೆಟ್ರೋಲ್ ಮೀಟರಿನ ಫ್ಲೋಟ್ ಎರಡನ್ನೂ ಬಿಚ್ಚಿ. ಬಯಲಲ್ಲೇ ಮಾಡಿ, ಹತ್ತಿರ ಬೀಡಿ, ಒಲೆ ಬೇಡ. ಟ್ಯಾಂಕಿನ ಹೊಟ್ಟೆ ನಡುವೆ ಕಮಾನಿನಂತೆ ಬಾಗಿರುತ್ತದೆ, ಕಾಕ್ ಇಲ್ಲದ ಮಗ್ಗುಲಲ್ಲಿ ಹಳೇ ಕೆಸರು ವರ್ಷಗಟ್ಟಲೆ ನಿಂತಿರುತ್ತದೆ. ಹೀಗಾಗಿ ಎರಡೂ ಕಡೆ ವಾಲಿಸಿ ಬಗ್ಗಿಸಿ. ತೂತುಗಳಿಗೆ ಹಳೇ ಟ್ಯೂಬಿನ ರಬ್ಬರ್, ಮೇಲೆ ತಗಡಿನ ತುಂಡು ಇಟ್ಟು ಬೋಲ್ಟ್ ಬಿಗಿಯಿರಿ. ಬಣ್ಣ ಕೆಡದಂತೆ ಬಾಯಿಯ ಸುತ್ತ ವ್ಯಾಸ್‌ಲಿನ್ ಬಳಿಯಿರಿ.

ಮೊದಲು ಸೋಪಿನ ಪುಡಿ ನೀರಲ್ಲಿ ತೊಳೆದು ಪೆಟ್ರೋಲಿನ ಜಿಡ್ಡು ತೆಗೆಯಿರಿ. ಇಲ್ಲದಿದ್ದರೆ ಹುಳಿ ತುಕ್ಕಿಗೆ ತಾಗೋದಿಲ್ಲ. ಚಕ್ಕೆ ದಪ್ಪಗಿದ್ದರೆ ಒಂದು ಗೇಣು ಹಳೇ ಸರಪಳಿ ಬಿಟ್ಟು ಕುಲುಕಿ, ತುದಿಗೆ ತಂತಿ ಕಟ್ಟಿದ್ದರೆ ಹೊರಗೆಳೆಯೋದು ಸುಲಭ. ಕಲ್ಲಿನ ಕಡಿ, ಉಸುಕು ಹಾಕಬೇಡಿ. ಬೆಸುಗೆಯ ಸಂದಿಯಲ್ಲಿ ಸಿಕ್ಕಿಕೊಂಡರೆ ಮತ್ತೆ ಬರೋದಿಲ್ಲ.

ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) 12 ಲೀಟರ್ ಟ್ಯಾಂಕಿಗೆ 1 ಕೆಜಿ. ಬಿಸಿ ನೀರಲ್ಲಿ ಕರಗಿಸಿ ಕಂಠಪೂರ್ತಿ ತುಂಬಿ, ಮೇಲ್ಭಾಗಕ್ಕೂ ತುಕ್ಕು ಹಿಡಿದಿರುತ್ತದೆ. ಮುಚ್ಚಳ ಬಿಗಿ ಹಾಕಬೇಡಿ: ಹುಳಿ ಕಬ್ಬಿಣಕ್ಕೆ ತಾಗಿದಾಗ ಬರುವ ಗುಳ್ಳೆ ಹೈಡ್ರೋಜನ್. ಮೂರ್ನಾಲ್ಕು ಗಂಟೆಗೊಮ್ಮೆ ಟಾರ್ಚಿನ ಬೆಳಕು ಬಿಟ್ಟು ನೋಡಿ, ಬೂದು ಬಣ್ಣ ಕಂಡ ತಕ್ಷಣ ಚೆಲ್ಲಿ. ಸಂಡಾಸ ತೊಳೆಯುವ ಆಸಿಡ್ ಅರ್ಧ ಗಂಟೆಯಲ್ಲೇ ಕೆಲಸ ಮುಗಿಸುತ್ತದೆ ನಿಜ, ತುಕ್ಕಿನ ಜೊತೆಗೆ ತಗಡನ್ನೂ ತಿನ್ನುತ್ತದೆ.

ಇನ್ನು ಮುಂದಿನ ಹತ್ತು ನಿಮಿಷದಲ್ಲೇ ಕೆಲಸ ಕೆಡೋದು. ಬತ್ತಲಾದ ಕಬ್ಬಿಣ ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ನಮ್ಮ ಬೋರಿನ ಸವಳು ನೀರು ಅದಕ್ಕೆ ಇನ್ನಷ್ಟು ಇಂಬು. ಸಾಮಾನು ಮೊದಲೇ ಕೈಗೆ ಸಿಗುವಂತಿರಲಿ. 5 ಲೀಟರ್ ನೀರಿಗೆ 50 ಗ್ರಾಂ ಅಡುಗೆ ಸೋಡಾ ಹಾಕಿ ಕುಲುಕಿ ಚೆಲ್ಲಿ, ನೊರೆ ಉಕ್ಕುತ್ತದೆ, ಬಾಯಿ ಮುಚ್ಚಬೇಡಿ. ಕೊನೇ ಎರಡು ತೊಳೆತಕ್ಕೆ ಕುಡಿಯೋ ಫಿಲ್ಟರ್ ನೀರೇ ಇರಲಿ. ಆಮೇಲೆ ಮೂತಿ ಕೆಳಗೆ ಮಾಡಿ ಬಿಸಿಲಿಗಿಟ್ಟು ಬ್ಲೋವರಿನ ಗಾಳಿ ಬಿಡಿ. ರಾಯಚೂರಿನ ಏಪ್ರಿಲ್ ಬಿಸಿಲಾದರೆ ಅದೇ ಅರ್ಧ ಕೆಲಸ ಮಾಡುತ್ತದೆ! ತೇವ ಪೂರಾ ಆರಿ ಟ್ಯಾಂಕ್ ತಣ್ಣಗಾದ ಮೇಲೆ ಅರ್ಧ ಲೀಟರ್ ಪೆಟ್ರೋಲಿಗೆ 50 ಎಂಎಲ್ ಟು-ಟಿ ಆಯಿಲ್ (ಟು-ಸ್ಟ್ರೋಕ್ ಗಾಡಿಯ ಎಣ್ಣೆ) ಬೆರೆಸಿ ಒಳಗೆಲ್ಲ ಸವರುವಂತೆ ಆಡಿಸಿ, ಬಗ್ಗಿಸಿ ತೆಗೆಯಿರಿ.

ತುಕ್ಕು ಹೋದ ಮೇಲೆ ಎಲ್ಲಾದರೂ ಜಿನುಗಿದರೆ ಆ ತೂತು ಮೊದಲೇ ಇತ್ತು, ತುಕ್ಕು ಮುಚ್ಚಿಟ್ಟಿತ್ತು ಅಷ್ಟೇ. ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ಯಬೇಡಿ, ಸಂದಿಯಲ್ಲಿ ಉಳಿದ ಆವಿ ಸಿಡಿಯುತ್ತದೆ. ಬಿಎಸ್-6 (ಹೊಸ ಹೊಗೆ ನಿಯಮದ) ಇಂಜೆಕ್ಷನ್ ಗಾಡಿಗಳಲ್ಲಿ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುತ್ತದೆ. ಅದನ್ನು ಹೊರತೆಗೆಯದೆ ಹುಳಿ ಹಾಕಬೇಡಿ, ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ಕಾರ್ಬೊರೇಟರ್ ಗಾಡಿಗಾದರೆ ಕಾಕಿನ ಜಾಲರಿ ತೊಳೆದು, ಪೈಪಿನ ನಡುವೆ ಪಾರದರ್ಶಕ ಫಿಲ್ಟರ್ ಸೇರಿಸಿ. ಮೊದಲ ಎರಡು ಫುಲ್ ಟ್ಯಾಂಕ್ ಮುಗಿಯುವವರೆಗೂ ಅದರಲ್ಲಿ ಕೆಂಪು ಕಾಣುತ್ತಿರುತ್ತದೆ, ಆಮೇಲೆ ಫಿಲ್ಟರ್ ಬದಲಿಸಿ.