ಎಸ್‌ಟಿ239: ಎರಡು ತುದಿಗಳ ಗೊಂದಲ ಬಗೆಹರಿಯಿತು

ಔಷಧಗಳಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾದ ಒಂದು ತಳಿ ಎಸ್‌ಟಿ239 ಕೊನೆಗೂ ದಾರಿಗೆ ಬಂದಿದೆ. ಸಾರ್ವಜನಿಕ ಭಂಡಾರದಿಂದ ಇಳಿಸಿಕೊಂಡ ಎಂಆರ್‌ಎಸ್‌ಎ ಜೀನೋಮ್‌ಗಳ (ಪೂರ್ತಿ ಡಿಎನ್‌ಎ ಸಾಲುಗಳ) ವಂಶವೃಕ್ಷ ಈ ಒಂದು ತಳಿಯ ದೆಸೆಯಿಂದ ಅರ್ಧಕ್ಕೇ ನಿಂತಿತ್ತು. ರೀಡ್‌ಗಳನ್ನು, ಅಂದರೆ ಯಂತ್ರ ಓದಿಕೊಟ್ಟ ಡಿಎನ್‌ಎ ಚೂರುಗಳನ್ನು, ಶುಚಿಗೊಳಿಸುವುದು, ಜೋಡಿಸುವುದು ಮಾಮೂಲಿ ಕೆಲಸ. ನೇರವಾಗಿ ತೊಡಕಿಗೇ ಬರುತ್ತೇನೆ.

ಎಂಎಲ್‌ಎಸ್‌ಟಿ ಎಂದರೆ ಏಳು ಜೀನ್‌ಗಳ ರೂಪಕ್ಕೆ ಒಂದೊಂದು ಸಂಖ್ಯೆ ಕೊಟ್ಟು ತಳಿ ಗುರುತಿಸುವ ವಿಧಾನ. ಅದರಲ್ಲಿ ಎಸ್‌ಟಿ8 ಎಂಬ ತಳಿಯ ಸಾಲು 3-3-1-1-4-4-3. ಎಸ್‌ಟಿ239ರದು 2-3-1-1-4-4-3. ಮೊದಲನೆಯ ಜೀನ್ ಆರ್ಕ್‌ಸಿ ಬಿಟ್ಟರೆ ಉಳಿದದ್ದೆಲ್ಲ ಒಂದೇ, ಅಂದರೆ ಹತ್ತಿರದ ದಾಯಾದಿಗಳು. ಸ್ಪಾ ಎಂಬ ಒಂದೇ ಜೀನಿನಲ್ಲಿ ಮರುಕಳಿಸುವ ತುಣುಕುಗಳ ಸರಣಿ ನೋಡುವ ಸ್ಪಾ ಟೈಪಿಂಗ್‌ನಲ್ಲಿ ಮಾತ್ರ ಕಥೆಯೇ ಬೇರೆ. ಅಲ್ಲಿ ಎಸ್‌ಟಿ239 ಟಿ037 ಎಂದು ಬಂತು: 15-12-16-02-25-17-24. ಎಸ್‌ಟಿ8ರಲ್ಲಿ ಹೆಚ್ಚಾಗಿ ಕಾಣುವ ಟಿ008 ಶುರುವಾಗುವುದೇ 11-19-12-21 ಎಂದು. 15-12-16-02 ಎಂಬ ಆರಂಭ ಎಸ್‌ಟಿ30 ಎಂಬ ಇನ್ನೊಂದು ತಳಿಯ ಬಳಗದ್ದು. ಎರಡು ವಿಧಾನಗಳೂ ಹೆಸರುವಾಸಿ, ಎರಡಕ್ಕೂ ತಾಳೆಯಿಲ್ಲ!

ಸರಿ, ಪೂರ್ತಿ ಜೀನೋಮೇ ತೀರ್ಪು ಹೇಳಲಿ ಎಂದು ಎಸ್‌ಟಿ8ರ ಜೀನೋಮನ್ನು ಆಧಾರವಾಗಿಟ್ಟುಕೊಂಡು ಎಸ್‌ಟಿ239ರ ಎಸ್‌ಎನ್‌ಪಿಗಳನ್ನು, ಅಂದರೆ ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸಗಳನ್ನು, ಎಣಿಸಿದೆ. ದಾಯಾದಿಗಳ ನಡುವೆ ಇರಬಾರದಷ್ಟು ವ್ಯತ್ಯಾಸ. ಸ್ಥಾನವಾರು ನಕ್ಷೆ ಬರೆಸಿದಾಗ ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕೆ, ಎರಡು ತುದಿಗಳಲ್ಲಿ ಮಾತ್ರ ಕಪ್ಪಗೆ ಗಿಜಿಗಿಜಿ. ತುದಿಯಲ್ಲಿ ರೀಡ್‌ಗಳು ಸರಿಯಾಗಿ ಕೂರುವುದಿಲ್ಲ, ನಿಜ. ಆದರೆ ಆ ತೊಂದರೆ ಒಂದು ರೀಡಿನ ಉದ್ದಕ್ಕೆ ಮುಗಿಯುತ್ತದೆ. ಇದು ಲಕ್ಷಗಟ್ಟಲೆ ಬೇಸ್‌ಗಳವರೆಗೆ (ಡಿಎನ್‌ಎ ಅಕ್ಷರಗಳವರೆಗೆ) ಹರಡಿತ್ತು.

   

ಹೊಳೆದದ್ದು ನಕ್ಷೆಯ ಆರಂಭದ ಬಿಂದುವನ್ನು ಸರಿಸಿದಾಗ. ಬ್ಯಾಕ್ಟೀರಿಯಾದ ಕ್ರೋಮೋಸೋಮು ವೃತ್ತಾಕಾರದ್ದು. ಬಳೆಯನ್ನು ಒಂದು ಕಡೆ ತುಂಡರಿಸಿ ನೆಟ್ಟಗೆ ಮಾಡಿದಂತೆ ಕಡತದಲ್ಲಿ ಇಟ್ಟಿರುತ್ತಾರೆ. ಆರಂಭವನ್ನು ಎದುರು ಬದಿಗೆ ಒಯ್ದೆ. ಎರಡು ಕಪ್ಪು ಪಟ್ಟಿಗಳೂ ಕೂಡಿ ಒಂದೇ ಆದವು! 2004ರಲ್ಲಿ ರಾಬಿನ್ಸನ್ ಮತ್ತು ಎನ್‌ರೈಟ್ ಎಂಬ ಸಂಶೋಧಕರು ತೋರಿಸಿದ್ದು ಇದನ್ನೇ: ಎಸ್‌ಟಿ8ರ ಮೈಗೆ ಎಸ್‌ಟಿ30ರ ಕಡೆಯಿಂದ ಸುಮಾರು 5,57,000 ಬೇಸ್‌ಗಳ ತುಂಡು, ಅಂದರೆ ಕ್ರೋಮೋಸೋಮಿನ ಐದನೇ ಒಂದು ಭಾಗ, ಬಂದು ಸೇರಿದೆ. ಸ್ಪಾ ಮತ್ತು ಆರ್ಕ್‌ಸಿ ಎರಡೂ ಆ ತುಂಡಿನೊಳಗಿವೆ. ಆರ್ಕ್‌ಸಿಯ 2 ಕೂಡ ಎಸ್‌ಟಿ30ರದೇ. ಎಂಎಲ್‌ಎಸ್‌ಟಿಯ ಉಳಿದ ಆರು ಜೀನ್‌ಗಳು ಹೊರಗಿವೆ. ಆ ತುಂಡನ್ನು ಮಾಸ್ಕ್ ಮಾಡಿ, ಅಂದರೆ ಲೆಕ್ಕದಿಂದ ಹೊರಗಿಟ್ಟು, ಮರ ಕಟ್ಟಿದೆ. ಎಸ್‌ಟಿ239 ಎಸ್‌ಟಿ8ರ ಕೊಂಬೆಗೆ ಬಂದು ಕೂತಿತು. ಆ ಮರ ನೋಡಿ ಆದ ಸಂತೋಷ ಹೇಳತೀರದು.

ಇಷ್ಟಾಗುವಾಗ ಅಡಿಕೆಯ ಕೊಳೆರೋಗದ ಯೋಚನೆ ತಲೆಗೆ ಹೊಕ್ಕಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಬೋರ್ಡೋ ಹೊಡೆದರೂ ಮರಳುವ ಆ ರೋಗಾಣು ಫೈಟಾಫ್ತೊರಾ, ತೋಟದಿಂದ ತೋಟಕ್ಕೆ ಹಬ್ಬುವ ಒಂದೇ ತಳಿಯೋ, ಬೇರೆ ಬೇರೆಯೋ? ಮೈಕ್ರೊಸ್ಯಾಟಲೈಟ್ (ಡಿಎನ್‌ಎಯಲ್ಲಿ ಮರುಕಳಿಸುವ ಪುಟ್ಟ ತುಣುಕು) ಗುರುತುಗಳಿಂದ ಶುರುಮಾಡಬೇಕೆಂದಿದ್ದೇನೆ. ಅದಕ್ಕೆ ಬೇಕಾದ ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ತುಂಡುಗಳನ್ನು ತರಿಸುವ ಪಾಡು ಆಗ ನೋಡೋಣ.

ಸದ್ಯಕ್ಕೆ ಎಸ್‌ಟಿ239ರದೇ ಆದ ಟಿಡಬ್ಲ್ಯೂ20 ಜೀನೋಮನ್ನು ಆಧಾರವಾಗಿಟ್ಟು ಈ ತಳಿಯೊಳಗಿನ ಅಂತರಗಳನ್ನು ಲೆಕ್ಕ ಹಾಕಿಸುತ್ತಿದ್ದೇನೆ. 2010ರಲ್ಲಿ ಈ ತಳಿಯ 63 ಮಾದರಿಗಳ ಜೀನೋಮ್ ಓದಿದ ತಂಡ ಥಾಯ್ಲೆಂಡಿನ ಆಸ್ಪತ್ರೆಯೊಂದರೊಳಗಿನ ಹರಡುವಿಕೆಯನ್ನೂ ಹಿಡಿದಿತ್ತು. ಆ ಸೂಕ್ಷ್ಮತೆ ನನ್ನ ಮರದಲ್ಲೂ ಬರಬೇಕು. ಮಳೆಗೆ ಕರೆಂಟ್ ಹೋಗದಿದ್ದರೆ ಬೆಳಗಿನೊಳಗೆ ಮುಗಿಯುತ್ತದೆ.